ಕಾಲು ಟ್ಯಾಂಕು

ಅಕ್ಟೋಬರ್ ಮೂರನೆಯ ವಾರ, ಬೆಮಿಜಿ.
ಕೆರೆ ಇನ್ನೂ ಹೆಪ್ಪುಗಟ್ಟಿಲ್ಲ; ಅಂಚಿಗೆ ಮಾತ್ರ
ಹಾಲಿನ ಕೆನೆಯಷ್ಟು ತೆಳ್ಳಗೆ ಬಿಳಿ.
ದೋಣಿಗಳಿಗೆಂದೇ ಇಟ್ಟ ಪಂಪಿನ ಮುಂದೆ ನಿಂತಿದ್ದೇನೆ.
ಇಲ್ಲಿ ಮಾತ್ರ ಸಿಗುತ್ತದಂತೆ
ಮೆಕ್ಕೆಜೋಳದ ಸಾರಾಯಿ ಬೆರೆಸದ ಪೆಟ್ರೋಲು.
ಐವತ್ತೈದು ಗ್ಯಾಲನ್ ಹೊಟ್ಟೆ ಈ ಮೋಟರ್‌ಹೋಮಿಗೆ;
ಆಸ್ಪತ್ರೆ ಲಾಂಡ್ರಿಯಲ್ಲಿ ನಾನು ದುಡಿದ
ಎರಡು ರಾತ್ರಿಪಾಳಿ ನುಂಗಿದ ಮೀಟರು
ಮೂರನೆಯದಕ್ಕೆ ಬಾಯಿ ತೆರೆದಿದೆ.

"ಅರ್ಧ ಸಾಲದಾ?" ಅಂದೆ.
ವರ್ನಾ ತಲೆಯಾಡಿಸಿದಳು. ಎಂಬತ್ತೊಂದು ವರ್ಷ.
ಗಾಡಿ ನನಗೆ ಮಾರಿ ಆರು ತಿಂಗಳಾಯಿತು,
ಪಕ್ಕದ ಸೀಟು ಮಾತ್ರ ಮಾರಿದಂತಿಲ್ಲ.
"ಖಾಲಿ ಬಿಟ್ಟ ಜಾಗ ಬೆವರುತ್ತೆ.
ಬೆವರು ತಳಕ್ಕಿಳಿದು ನೀರು,
ನೀರು ಚಳಿಗೆ ಕಲ್ಲು."

ತುಂಬಿದ ಕೊಡ ತುಳುಕುವುದಿಲ್ಲ, ಅದು ಗೊತ್ತಿತ್ತು.
ಅರೆಗೊಡ ಒಳಗೊಳಗೇ ಅಳುತ್ತದೆಂದು
ನನಗೆ ಯಾರೂ ಹೇಳಿರಲಿಲ್ಲ.

ಪೆಟ್ರೋಲಿಗೂ ಮುಪ್ಪಿದೆಯಂತೆ.
ಮೂರು ತಿಂಗಳು ಸುಮ್ಮನೆ ಕೂತರೆ ವಾಸನೆ ಹುಳಿಯುತ್ತದೆ,
ಸೂಜಿಕಣ್ಣಿನಂಥ ತೂತುಗಳಲ್ಲಿ ಅಂಟು ಕಟ್ಟುತ್ತದೆ.
ಇದನ್ನವಳು ಬಿಡಿಸಿ ಹೇಳಬೇಕಿರಲಿಲ್ಲ:
ರಾಣೆಬೆನ್ನೂರಿನ ನಮ್ಮ ಹಿತ್ತಾಳೆ ಪಂಪ್ ಸ್ಟೌವು
ಕೆಮ್ಮಿ ಕೆಮ್ಮಿ ಹಳದಿಯಾಗಿ ಉರಿದಾಗ
ಚಿಕ್ಕಮ್ಮ ಹಲ್ಲಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು
ಅದರ ನೆತ್ತಿಗೆ ಚುಚ್ಚುತ್ತಿದ್ದಳು.
ಮತ್ತೆ ನೀಲಿ. ಮತ್ತೆ ಆ ಭರ್ರೋ ಸದ್ದು, ಅನ್ನದ ಕುದಿ.

ಔಷಧಿ ಮೊದಲು, ಪೆಟ್ರೋಲು ಆಮೇಲೆ,
ಬೀಳುವ ಧಾರೆಯೇ ಕಲಸಲಿ.
ಮನೆತನಕ ಹತ್ತು ಮೈಲಿ ಓಡಿಸು, ಎಂಜಿನ್ನು ಕುಡಿಯಲಿ.
ಜನರೇಟರಿಗೂ ಒಂದು ಗುಟುಕು, ಅದನ್ನು ಎಲ್ಲರೂ ಮರೆಯುತ್ತಾರೆ.
ಎಲ್ಲ ಅವಳ ನೋಟ್‌ಬುಕ್ಕಿನಲ್ಲಿದೆ,
ತೊಂಬತ್ತನಾಲ್ಕರಿಂದ, ಚಳಿಗಾಲಕ್ಕೊಂದು ಪುಟ.
ಎರಡು ಸಾವಿರದ ಹನ್ನೊಂದರ ಪುಟ ಖಾಲಿ.
ಕೇಳಲಿಲ್ಲ.

ಜನವರಿ. ಸೊನ್ನೆಗಿಂತ ಹದಿನೆಂಟು ಕೆಳಗೆ.
ತಿಂಗಳಿಗೊಮ್ಮೆ ಅರ್ಧ ಗಂಟೆ, ಬರಿದೇ ಅಲ್ಲ,
ಹೊರೆ ಹೊರಿಸಿ ಓಡಿಸಬೇಕು ಜನರೇಟರು.
ಹೊಗೆಕೊಳವೆಯ ಬಾಯಿಂದ ಹಿಮ ಕೆದರುತ್ತಿದ್ದೆ,
ವರ್ನಾ ಬಂದಳು: ಎರಡು ಕೋಟು, ಒಂದು ಥರ್ಮಾಸು.
ನಾಲ್ಕನೇ ಸಲಕ್ಕೆ ಹಿಡಿಯಿತು. ಮೈಯೆಲ್ಲ ನಡುಗಿ
ಗಾಡಿ ಎಚ್ಚರಾಯಿತು.
ಹೀಟರು ಹಚ್ಚಿ, ಕಿಟಕಿ ಬೆರಳಗಲ ತೆಗೆದು ಕೂತೆವು,
ಸ್ಟೀರಿಂಗಿನ ಮುಂದೆ ಅವಳು, ಪಕ್ಕಕ್ಕೆ ನಾನು.
ಎದುರು ಗಾಜಿನ ತುಂಬ ಬಿಳಿ, ರಸ್ತೆಯಿಲ್ಲ.
ಅವಳ ಕೈ ಮಾತ್ರ ಆಗಾಗ ಎಡಕ್ಕೊಂದಿಷ್ಟು ವಾಲುತ್ತಿತ್ತು.
"ಇಲ್ಲೊಂದು ತಿರುವು," ಅಂದಳು. ಎಲ್ಲಿಯದೋ.

"ಹೀಗೇ ಉರಿಸುತ್ತ ಕೂತು ಪೂರ್ತಿ ಮುಗಿದರೆ?"
ನಕ್ಕಳು. "ಜನರೇಟರಿನ ನಳಿಗೆ ತಳ ಮುಟ್ಟುವುದಿಲ್ಲ.
ಕಾಲು ಟ್ಯಾಂಕು ಉಳಿದಾಗ ಗಾಳಿ ಹೀರಿ ತಾನೇ ನಿಲ್ಲುತ್ತೆ.
ಮಾಡಿದವರು ಬೇಕೆಂದೇ ಗಿಡ್ಡ ಕತ್ತರಿಸಿದ್ದಾರೆ,
ಕಾಡಿನ ನಡುವೆ ರಾತ್ರಿಯೆಲ್ಲ ದೀಪ ಹಚ್ಚಿಕೊಂಡರೂ
ಬೆಳಿಗ್ಗೆ ಮನೆಗೆ ಹೋಗುವಷ್ಟು ಇರಲಿ ಅಂತ."
ಆಮೇಲೆ ಬಹಳ ಹೊತ್ತು ಕಾಫಿಯ ಹಬೆಯನ್ನೇ ನೋಡಿದಳು.

ಅರ್ಧ ಗಂಟೆ ಕಳೆಯಿತು. ಇಬ್ಬರೂ ಆರಿಸಲಿಲ್ಲ.
ಕೊನೆಗೆ ನೋಟ್‌ಬುಕ್ಕು ನನ್ನ ತೊಡೆಗೆ ಸರಿಸಿದಳು.
ದಿನಾಂಕ ಬರೆದೆ, ಚಳಿ ಬರೆದೆ. ನಿಮಿಷ ಬರೆಯುವಾಗ
ಪೆನ್ನು ತಾನೇ ಕನ್ನಡಕ್ಕೆ ಹೊರಳಿತು: ೪೦.
ವರ್ನಾ ಕನ್ನಡಕ ಏರಿಸಿದಳು.
ನಾಲ್ಕರ ಸುರುಳಿಯ ಮೇಲೆ ನಿಧಾನಕ್ಕೆ ಬೆರಳಾಡಿಸಿ
"ಈ ತಿರುವು," ಅಂದಳು, "ನಾನು ಹೋಗಿಲ್ಲ."